ಮೂರು ದಿನದ ರಜೆ, ಮನೆಗೆ ಬರುವ ಗೆಳತಿ

2026ರ ಡಿಸೆಂಬರ್ 25 ಶುಕ್ರವಾರ ಬೀಳುತ್ತದೆ. ಮರುದಿನ ನಾಲ್ಕನೇ ಶನಿವಾರ, ಸರ್ಕಾರಿ ಕಚೇರಿಗಳಿಗೆ ರಜೆ. ಅದರ ಬೆನ್ನಿಗೇ ಭಾನುವಾರ. ಇಂಥ ಮೂರು ದಿನ ಒಟ್ಟಿಗೆ ಸಿಕ್ಕರೆ ಬೆಂಗಳೂರಿನಲ್ಲಿರುವ ಗೆಳತಿ ಫೋನ್ ಮಾಡುತ್ತಾಳೆ: "ನಿಮ್ಮೂರಿಗೆ ಬರ್ತೀನಿ ಕಣೇ." ಖುಷಿಯಾಗುತ್ತದೆ. ಫೋನ್ ಇಟ್ಟ ಕೂಡಲೇ ಲೆಕ್ಕವೂ ಶುರುವಾಗುತ್ತದೆ. ಎಲ್ಲಿ ಮಲಗಿಸುವುದು, ಏನು ಮಾಡಿ ಬಡಿಸುವುದು, ಎಲ್ಲೆಲ್ಲಿಗೆ ಕರೆದೊಯ್ಯುವುದು?

ನನ್ನ ಜೊತೆ ಹಾಸ್ಟೆಲಿನಲ್ಲಿ ಮೂರು ವರ್ಷ ಒಂದೇ ಕೋಣೆಯಲ್ಲಿದ್ದವಳು ಮೊದಲ ಸಲ ಹಗರಿಬೊಮ್ಮನಹಳ್ಳಿಗೆ ಬಂದಾಗ ನಾನು ಈ ಲೆಕ್ಕವನ್ನು ಪೂರಾ ತಪ್ಪಾಗಿ ಹಾಕಿದ್ದೆ. ನಮ್ಮ ಸೀಮೆಯಲ್ಲಿ ಬಿಸಿಲೊಂದೇ ಇರುವುದು ಎಂದುಕೊಂಡಿದ್ದಾಳೆ, ಎಲ್ಲವನ್ನೂ ತೋರಿಸಿಬಿಡಬೇಕು ಎಂಬ ಹಟ ನನ್ನದು. ಒಂದು ದಿನ ಹಂಪಿ, ಒಂದು ದಿನ ಮೈಲಾರ, ಹಿರೇಹಡಗಲಿ, ಇನ್ನೊಂದು ದಿನ ತುಂಗಭದ್ರಾ ಅಣೆಕಟ್ಟು. ರಾತ್ರಿ ಮನೆ ಸೇರಿದರೆ ನಾನು ಒಲೆಯ ಮುಂದೆ, ಅವಳು ಹಾಸಿಗೆಯಲ್ಲಿ. ತಿಂಗಳು ಕಳೆದ ಮೇಲೆ ಫೋನಿನಲ್ಲಿ ಹೇಳಿದಳು. ಅವಳ ಅಪ್ಪನಿಗೆ ಕ್ಯಾನ್ಸರ್ ಎಂದು ಗೊತ್ತಾದ ವಾರವೇ ನಮ್ಮಲ್ಲಿಗೆ ಬಂದಿದ್ದಳಂತೆ. "ನಿನಗೆ ಹೇಳ್ಬೇಕು ಅಂತಲೇ ಬಂದಿದ್ದೆ, ಹೊತ್ತೇ ಸಿಗಲಿಲ್ಲ ನೋಡು" ಅಂದಳು. ಆ ಮಾತು ಇವತ್ತಿಗೂ ಚುಚ್ಚುತ್ತದೆ. ಆಮೇಲೆ ಅವಳು ಮೂರು ಸಲ ಬಂದು ಹೋಗಿದ್ದಾಳೆ. ಪ್ರತಿ ಸಲವೂ ಏರ್ಪಾಡನ್ನು ಒಂದಿಷ್ಟು ತಿದ್ದುತ್ತ ಬಂದೆ. ಹೊತ್ತು ಉಳಿಸುವುದೇ ಈ ಏರ್ಪಾಡಿನ ಮುಖ್ಯ ಕೆಲಸ, ಊರು ತೋರಿಸುವುದು ಆಮೇಲಿನ ಮಾತು.

ಮೊದಲು ಟಿಕೆಟ್. ಹಂಪಿ ಎಕ್ಸ್‌ಪ್ರೆಸ್ ರಾತ್ರಿ ಬೆಂಗಳೂರು ಬಿಟ್ಟು ಗುಂತಕಲ್, ಬಳ್ಳಾರಿ ಸುತ್ತಿಕೊಂಡು ಬೆಳಿಗ್ಗೆ ಹೊಸಪೇಟೆ ಮುಟ್ಟುತ್ತದೆ. 2024ರ ನವೆಂಬರ್‌ನಿಂದ ರೈಲ್ವೆಯ ಮುಂಗಡ ಬುಕಿಂಗ್ 120 ದಿನದ ಬದಲು 60 ದಿನಕ್ಕೆ ಇಳಿದಿದೆ. ಅಂದರೆ 24ರ ರಾತ್ರಿಯ ಗಾಡಿಗೆ ಅಕ್ಟೋಬರ್ 25ರ ಬೆಳಿಗ್ಗೆ 8ಕ್ಕೆ, ಭಾನುವಾರ 27ರ ರಾತ್ರಿ ಮರಳುವ ಗಾಡಿಗೆ ಅಕ್ಟೋಬರ್ 28ಕ್ಕೆ ಬುಕಿಂಗ್ ತೆರೆಯುತ್ತದೆ. ಹೋಗುವ ಟಿಕೆಟ್ ಸಿಕ್ಕಿತೆಂದು ಬರುವ ಟಿಕೆಟ್ ಮರೆತರೆ ಕೊನೆಯ ದಿನವೆಲ್ಲ ಅದರ ಚಿಂತೆಯಲ್ಲೇ ಹೋಗುತ್ತದೆ. ತತ್ಕಾಲ್ ಪ್ರಯಾಣದ ಹಿಂದಿನ ದಿನ ತೆರೆಯುತ್ತದೆ, ಎಸಿಗೆ 10 ಗಂಟೆ, ಸ್ಲೀಪರ್‌ಗೆ 11. ಈಗ ಆನ್‌ಲೈನಿನಲ್ಲಿ ಅದಕ್ಕೆ ಆಧಾರ್ ಜೋಡಿಸಿದ ಖಾತೆಯೇ ಬೇಕು. ಬೆಂಗಳೂರಿನಿಂದ ನೇರ ಬಸ್ಸುಗಳೂ ಉಂಟು, ಆದರೆ ಸಾಲು ರಜೆಯ ಹಿಂದಿನ ರಾತ್ರಿ ರೈಲೇ ನೆಮ್ಮದಿ.

ಹೊಸಪೇಟೆಯಿಂದ ನಮ್ಮೂರಿಗೆ ಬಸ್ಸಿನಲ್ಲಿ ಸುಮಾರು ಒಂದು ಗಂಟೆಯ ದಾರಿ. ಗೆಳತಿಯ ಆಧಾರ್‌ನಲ್ಲಿ ಕರ್ನಾಟಕದ ವಿಳಾಸವಿದ್ದರೆ ಕಲ್ಯಾಣ ಕರ್ನಾಟಕ ಸಾರಿಗೆಯ ಸಾಮಾನ್ಯ ಬಸ್ಸಿನಲ್ಲಿ ಶಕ್ತಿ ಯೋಜನೆಯ ಸೊನ್ನೆ ಟಿಕೆಟ್ ಸಿಗುತ್ತದೆ, ಕಾರ್ಡ್ ಕೈಯಲ್ಲಿರಲಿ ಎಂದು ಮೊದಲೇ ಹೇಳಿಡಿ. ನಾನಂತೂ ಸ್ಟೇಷನ್ನಿಗೇ ಹೋಗಿ ಕರೆದುಕೊಂಡು ಬರುತ್ತೇನೆ. ಮರಿಯಮ್ಮನಹಳ್ಳಿ ದಾಟಿ ಊರು ಮುಟ್ಟುವಷ್ಟರಲ್ಲಿ ವರ್ಷದ ಅರ್ಧ ಸುದ್ದಿ ಮುಗಿದಿರುತ್ತದೆ. ಮನೆಗೆ ಬಂದ ಮೇಲೆ ಮಕ್ಕಳು, ಅತ್ತೆ, ಪಕ್ಕದ ಮನೆಯವರು ಎಲ್ಲರೂ ಅವಳನ್ನು ಹಂಚಿಕೊಳ್ಳುತ್ತಾರೆ. ಬಸ್ಸಿನಲ್ಲಿ ಕಳೆಯುವ ಹೊತ್ತು ಮಾತ್ರ ನಮ್ಮಿಬ್ಬರದೇ.

ಇನ್ನು ಅಡುಗೆಮನೆ. ಹೊತ್ತು ಹೆಚ್ಚು ಸೋರುವುದು ಇಲ್ಲೇ, ಆದ್ದರಿಂದ ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಮನೆಗೆ ಯಾರೇ ಬಂದರೂ ದಿನಕ್ಕೆ ಮೂರು ಹೊತ್ತು ಬಿಸಿಬಿಸಿ ಮಾಡಿ ಹಾಕಬೇಕು ಎಂಬ ರೂಢಿ ನಮ್ಮದು. ಅದು ಒಳ್ಳೆಯ ರೂಢಿಯೇ. ಆದರೆ ಮೂರು ದಿನವೂ ಹಾಗೇ ನಡೆದರೆ ಅಡುಗೆ ಮಾಡುವವಳಿಗೆ ಗೆಳತಿಯ ಮುಖ ಕಾಣುವುದು ಬಡಿಸುವಾಗ ಮಾತ್ರ. ದಾರಿ ಒಂದೇ, ಕೆಡದೆ ಉಳಿಯುವುದನ್ನೆಲ್ಲ ಅವಳು ಬರುವ ಮುಂಚೆಯೇ ಮುಗಿಸಿಡುವುದು. ನಮ್ಮ ಸೀಮೆಯ ಊಟ ಇದಕ್ಕೆ ಹೇಳಿ ಮಾಡಿಸಿದ ಹಾಗಿದೆ. ಖಡಕ್ ರೊಟ್ಟಿಯನ್ನು ತೇವ ತಾಗದಂತೆ ಇಟ್ಟರೆ ವಾರ ಕಳೆದರೂ ಏನೂ ಆಗುವುದಿಲ್ಲ. ಚಳಿಗಾಲಕ್ಕೆ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ ಅದಕ್ಕಿಂತ ರುಚಿ. ಶೇಂಗಾ ಚಟ್ನಿ ಪುಡಿ, ಗುರೆಳ್ಳು ಪುಡಿ, ಕೆಂಪು ಖಾರ, ಶೇಂಗಾ ಉಂಡಿ ಹಿಂದಿನ ಭಾನುವಾರವೇ ಡಬ್ಬಿ ಸೇರಲಿ. ಮಾಡಲು ಆಗದಿದ್ದರೆ ರೊಟ್ಟಿ ಮಾಡಿ ಮಾರುವ ಅಕ್ಕಂದಿರ ಹತ್ತಿರ ಕೊಂಡುಕೊಳ್ಳಿ, ಅದರಲ್ಲಿ ಸಂಕೋಚ ಬೇಡ. ಆಗ ದಿನಾ ಹೊಸದಾಗಿ ಆಗಬೇಕಾದದ್ದು ಒಂದು ಪಲ್ಯ, ಒಂದು ಬೇಳೆ, ಅನ್ನ. ಒಂದು ದಿನ ಬದನೆಕಾಯಿ ಎಣ್ಣೆಗಾಯಿ, ಒಂದು ದಿನ ಪುಂಡಿಪಲ್ಯ. ಒಂದು ಬೆಳಗಿನ ತಿಂಡಿ ಹೊರಗಿನ ಒಗ್ಗರಣಿ, ಮಿರ್ಚಿ. ಅದು ಹೋಟೆಲಿನದೇ ಚೆಂದ.

ಒಂದು ಹೊತ್ತು ಮಾತ್ರ ಬಿಸಿ ರೊಟ್ಟಿ ಇರಲಿ, ಗೆಳತಿಯನ್ನು ಒಲೆಯ ಹತ್ತಿರವೇ ಕೂರಿಸಿಕೊಂಡು ಮಾಡಿ. ಜೋಳದ ಹಿಟ್ಟಿಗೆ ಗೋಧಿಯ ಜಿಗುಟಿಲ್ಲ. ಅದಕ್ಕೇ ತಣ್ಣೀರು ಹಾಕಿದರೆ ಹಿಡಿದು ನಿಲ್ಲುವುದಿಲ್ಲ, ಕುದಿಯುವ ಎಸರೇ ಬೇಕು. ಆ ಬಿಸಿಗೆ ಹಿಟ್ಟಿನೊಳಗಿನ ಗಂಜಿ ಅಂಟಾಗಿ ಉಳಿದದ್ದನ್ನು ಹಿಡಿದುಕೊಳ್ಳುತ್ತದೆ. ಹಿಟ್ಟು ಹಳೆಯದಾಗಿದ್ದರೆ ಎಷ್ಟು ನಾದಿದರೂ ಅಂಚು ಬಿರಿಯುತ್ತದೆ, ಆದ್ದರಿಂದ ಗಿರಣಿಗೆ ಹಿಂದಿನ ದಿನವೇ ಹೋಗಿ ಬನ್ನಿ. ಬಡಿಯುವಾಗ ಅಂಗೈ ನಡುವಿನಿಂದ ಅಂಚಿಗೆ ಸರಿಯುತ್ತ ಹೋಗಬೇಕು, ರೊಟ್ಟಿ ತಾನೇ ತಿರುಗುತ್ತದೆ. ಹಂಚಿಗೆ ಹಾಕಿ ಮೇಲೆ ಒದ್ದೆ ಅರಿವೆ ಆಡಿಸಿದರೆ ಒಣಹಿಟ್ಟು ಹೋಗಿ ಉಬ್ಬುತ್ತದೆ. ನನ್ನ ಗೆಳತಿಯ ಮೊದಲ ರೊಟ್ಟಿ ಹಲಗೆಯಿಂದ ಏಳಲೇ ಇಲ್ಲ. ನಮ್ಮತ್ತೆ ಅವಳ ಪಕ್ಕ ಕುಳಿತು, "ಅವಸರ ಮಾಡಬ್ಯಾಡವ್ವ, ಕೈ ಹಗುರ ಬಿಡು" ಎಂದು ಅವಳ ಮಣಿಕಟ್ಟು ಹಿಡಿದು ತೋರಿಸಿದರು. ಐದನೇ ರೊಟ್ಟಿ ಎದ್ದಿತು. ಅಪ್ಪನ ವಿಷಯವನ್ನು ಅವಳು ನನಗೆ ಪೂರ್ತಿಯಾಗಿ ಹೇಳಿದ್ದು ಆ ಹಲಗೆಯ ಮುಂದೆ, ಎರಡನೇ ಸಲ ಬಂದಾಗ. ಕೈಗೆ ಕೆಲಸವಿದ್ದರೆ ಕಷ್ಟದ ಮಾತು ಸಲೀಸಾಗಿ ಬರುತ್ತದೆ ಎಂದು ನನಗೆ ಆವತ್ತು ತಿಳಿಯಿತು. ಆದ್ದರಿಂದ "ನೀನು ಕೂತ್ಕೋ, ನಾನು ಮಾಡ್ತೀನಿ" ಎನ್ನಬೇಡಿ. ಸೊಪ್ಪು ಬಿಡಿಸಲು ಕೊಡಿ, ಶೇಂಗಾ ಸುಲಿಯಲು ಕೊಡಿ.

ಅವಳು ಬರುವ ಮೊದಲೇ ಕೇಳಿಕೊಳ್ಳಬೇಕಾದ ಮೂರು ಮಾತು: ಖಾರ ಎಷ್ಟು ತಡೆಯುತ್ತದೆ, ಯಾವ ಮಾತ್ರೆ ಯಾವ ಹೊತ್ತಿಗೆ, ರಜೆಯಲ್ಲೂ ಆಫೀಸಿನ ಫೋನ್ ಬರುತ್ತದೆಯೇ. ಬರುತ್ತದೆ ಎಂದರೆ ಮನೆಯಲ್ಲಿ ಸಿಗ್ನಲ್ ಚೆನ್ನಾಗಿ ಸಿಗುವ ಮೂಲೆಯಲ್ಲಿ ಒಂದು ಕುರ್ಚಿ ಹಾಕಿಡಿ. ನಮ್ಮ ಓಣಿಗೆ ನೀರು ಬರುವುದು ದಿನ ಬಿಟ್ಟು ದಿನ, ಕೆಲವೊಮ್ಮೆ ಇನ್ನೂ ತಡ. ಹಾಗಾಗಿ ಗುರುವಾರವೇ ಟ್ಯಾಂಕು, ಡ್ರಮ್ಮು ತುಂಬಿಸಿ, ಬಟ್ಟೆ ಒಗೆಯುವುದನ್ನು ಸೋಮವಾರಕ್ಕೆ ದೂಡುತ್ತೇನೆ. ಡಿಸೆಂಬರ್‌ನಲ್ಲಿ ಹಗಲು ಬಿಸಿಲು, ಬೆಳಗಿನ ಜಾವ ಒಳ್ಳೇ ಚಳಿ. ಎರಡು ಕೌದಿ ಬಿಸಿಲಿಗೆ ಹಾಕಿ ತೆಗೆದಿಡಿ. ಮನೆಯವರಿಗೂ ಮುಂಚೆಯೇ ಹೇಳಿ. ಶುಕ್ರವಾರ ಮಧ್ಯಾಹ್ನದ ಪಾತ್ರೆ, ಶನಿವಾರದ ಸಂತೆಯ ಕೆಲಸ ಯಾರದು ಎಂದು ಗೆಳತಿ ಬರುವ ಮುನ್ನವೇ ತೀರ್ಮಾನವಾಗಿರಬೇಕು. ಅವಳ ಎದುರಿಗೆ ಆ ಚರ್ಚೆ ಬಂದರೆ ಅವಳಿಗೆ ಮುಜುಗರ.

ತಿರುಗಾಟಕ್ಕೆ ನನ್ನ ನಿಯಮ ಇಷ್ಟೇ: ದಿನಕ್ಕೆ ಒಂದೇ ಜಾಗ, ಮೊದಲ ದಿನ ಒಂದೂ ಇಲ್ಲ. ರಾತ್ರಿ ರೈಲಿನಲ್ಲಿ ಬಂದವಳು ಮಧ್ಯಾಹ್ನ ಮಲಗಲಿ, ಸಂಜೆ ಹೊಲದ ಕಡೆ ಹೋಗಿಬಂದರೆ ಸಾಕು.

ಶನಿವಾರ ಬೆಳಿಗ್ಗೆ ಅಂಕಸಮುದ್ರ. ನಮ್ಮ ತಾಲ್ಲೂಕಿನಲ್ಲೇ ಇರುವ ಈ ಹಳೆಯ ನೀರಾವರಿ ಕೆರೆ 98.76 ಹೆಕ್ಟೇರಿನದು. 2017ರಲ್ಲಿ ಪಕ್ಷಿ ಸಂರಕ್ಷಣಾ ಮೀಸಲು ಪ್ರದೇಶವಾಯಿತು. 2024ರ ಜನವರಿ ಕೊನೆಗೆ ಅಘನಾಶಿನಿ ಅಳಿವೆ, ಗದಗ ಜಿಲ್ಲೆಯ ಮಾಗಡಿ ಕೆರೆಯ ಜೊತೆ ರಾಮ್‌ಸಾರ್ ಪಟ್ಟಿಗೆ ಸೇರಿತು. ರಾಮ್‌ಸಾರ್ ದಾಖಲೆಯ ಪ್ರಕಾರ ಇಲ್ಲಿ ಗೂಡು ಕಟ್ಟುವ, ತಂಗುವ ನೀರುಹಕ್ಕಿಗಳು 30,000ಕ್ಕೂ ಮಿಕ್ಕಿವೆ. ನಮ್ಮೂರಿನಿಂದ ಇಷ್ಟು ಹತ್ತಿರ ಇಷ್ಟು ದೊಡ್ಡದೊಂದು ಇದೆ ಎಂದು ನಾನೇ ಬಹಳ ತಡವಾಗಿ ತಿಳಿದೆ.

ಹಕ್ಕಿಗಳು ಈ ಕೆರೆಯನ್ನೇ ಹಿಡಿದುಕೊಂಡಿರುವುದಕ್ಕೆ ಕಾರಣ ನೀರಿನ ನಡುವೆ ನಿಂತ ಜಾಲಿ ಮರಗಳು. ಸುತ್ತ ನೀರಿದ್ದರೆ ಬೆಕ್ಕು, ನರಿ ಗೂಡಿನ ಬಳಿ ಸುಳಿಯುವುದಿಲ್ಲ. ಮೇವಿಗೆ ಸುತ್ತಲಿನ ಗದ್ದೆಗಳಿವೆ, ತುಂಗಭದ್ರೆಯ ಹಿನ್ನೀರಿದೆ. ಅಂದರೆ ಮಲಗುವ ಮನೆ ಇಲ್ಲಿ, ಊಟ ಬೇರೆ ಕಡೆ. ಆದ್ದರಿಂದ ಹೊತ್ತು ನೋಡಿಯೇ ಹೋಗಬೇಕು: ಸೂರ್ಯ ಹುಟ್ಟುವಾಗ ಗುಂಪು ಗುಂಪಾಗಿ ಹೊರಡುತ್ತವೆ, ಸಂಜೆ ಮರಳುತ್ತವೆ. ಹನ್ನೊಂದು ಗಂಟೆಗೆ ಹೋದರೆ ಬಿಸಿಲೇ ಹೆಚ್ಚು ಸಿಗುತ್ತದೆ. ಬಣ್ಣದ ಕೊಕ್ಕರೆ ಮೀನನ್ನು ಕಣ್ಣಿನಿಂದ ಹುಡುಕುವುದಿಲ್ಲ, ಅರೆತೆರೆದ ಕೊಕ್ಕನ್ನು ನೀರಿನಲ್ಲಿ ಆಡಿಸುತ್ತ ನಡೆಯುತ್ತದೆ, ಏನಾದರೂ ತಾಕಿದ ಕೂಡಲೇ ಮುಚ್ಚುತ್ತದೆ. ಬಾಯ್ಕಳಕ ಕೊಕ್ಕರೆಯ ಕೊಕ್ಕಿನ ನಡುವಿನ ಸಂದು ಮರಿಯಲ್ಲಿ ಇರುವುದಿಲ್ಲ, ಬೆಳೆಯುತ್ತ ಬರುತ್ತದೆ. ಬಸವನಹುಳುವೇ ಅದರ ಮುಖ್ಯ ಆಹಾರ. ಬೈನಾಕ್ಯುಲರ್ ಇದ್ದರೆ ಇವೆರಡನ್ನೂ ಏರಿಯ ಮೇಲೆ ನಿಂತೇ ಗುರುತಿಸಬಹುದು. ಕಣ್ಣು ಕುಕ್ಕುವ ಬಣ್ಣದ ಬಟ್ಟೆ ಬೇಡ, ಹಾಡು ಹಚ್ಚಬೇಡಿ, ನೀರಿಗೆ ಇಳಿಯಬೇಡಿ. ಗೂಡಿನಿಂದ ತಾಯಿ ಬೆದರಿ ಎದ್ದರೆ ಆ ಹೊತ್ತಿಗೆ ಕಾಗೆ ಮೊಟ್ಟೆಗೆ ಬಾಯಿ ಹಾಕುತ್ತದೆ. ಫ್ಲಾಸ್ಕಿನಲ್ಲಿ ಚಹಾ ಒಯ್ಯಿರಿ. ಅಲ್ಲಿ ಎರಡು ತಾಸು ಸುಮ್ಮನೆ ಕೂತಿದ್ದರೂ ಬೇಸರ ಬರುವುದಿಲ್ಲ, ಮಾತಾಡಿದರೂ ಪಿಸುಮಾತಿನಲ್ಲೇ ಆಡುತ್ತೀರಿ.

ಭಾನುವಾರ ಎರಡರಲ್ಲಿ ಒಂದು. ಗೆಳತಿಗೆ ಕಲ್ಲಿನ ಕೆಲಸ ಇಷ್ಟವಿದ್ದರೆ ಹರಪನಹಳ್ಳಿ ತಾಲ್ಲೂಕಿನ ಬಾಗಳಿಯ ಕಲ್ಲೇಶ್ವರ ಗುಡಿ. ಅಲ್ಲಿ 987ರ ಶಾಸನವಿದೆ, ಕಲ್ಯಾಣ ಚಾಲುಕ್ಯರ ಕಾಲದ ಕಂಬಗಳು ಒಂದಕ್ಕಿಂತ ಒಂದು ಬೇರೆ, ಜನಜಂಗುಳಿ ಇಲ್ಲ. ಅಷ್ಟು ದೂರ ಬೇಡವೆಂದರೆ ಕೊಟ್ಟೂರು. ಕೊಟ್ಟೂರೇಶ್ವರನ ದರ್ಶನ ಮಾಡಿ ಮಿರ್ಚಿ ಮಂಡಕ್ಕಿ ತಿಂದು ಮಧ್ಯಾಹ್ನದ ಊಟಕ್ಕೆ ಮನೆಗೆ. ಹಂಪಿಯನ್ನು ಈ ರಜೆಯಲ್ಲಿ ಬಿಟ್ಟುಬಿಡಿ ಎನ್ನುತ್ತೇನೆ, ತಿಳಿದೇ ಹೇಳುತ್ತಿದ್ದೇನೆ. ಕ್ರಿಸ್‌ಮಸ್ ವಾರದಲ್ಲಿ ವಿಠ್ಠಲ ಗುಡಿಯ ಬ್ಯಾಟರಿ ಗಾಡಿಯ ಸಾಲಿನಲ್ಲೇ ಬೆಳಗು ಕಳೆಯುತ್ತದೆ. ಹಂಪಿಗೆಂದೇ ಜುಲೈಯಲ್ಲೋ ಆಗಸ್ಟಿನಲ್ಲೋ ಬೇರೆ ಸಲ ಬರಲಿ, ಆಗ ಹೊಳೆಯೂ ತುಂಬಿರುತ್ತದೆ.

ಬಾಗಳಿಗೆ ಕಾರು ಮಾಡಿದರೆ ಬಾಡಿಗೆ ಅವಳು ಕೊಡುತ್ತೇನೆಂದಾಗ ಬೇಡ ಎನ್ನಬೇಡಿ. ಎಲ್ಲವನ್ನೂ ನೀವೇ ಹೊತ್ತರೆ ಮುಂದಿನ ಸಲ ಬರಲು ಅವಳು ಹಿಂಜರಿಯುತ್ತಾಳೆ. ನನ್ನ ಗೆಳತಿ ಈಗ ಒಂದು ದಿನದ ತರಕಾರಿ, ಹಣ್ಣು ತಾನೇ ತರುತ್ತಾಳೆ. ನನ್ನ ಮಗಳನ್ನೂ ಜೊತೆಗೆ ಒಯ್ಯುತ್ತಾಳೆ. ಮಗಳಿಗೆ ತನ್ನ ಈ "ಸಣ್ಣಮ್ಮ" ಸಂತೆಯಲ್ಲಿ ಚೌಕಾಸಿ ಮಾಡುವುದನ್ನು ನೋಡುವುದೇ ಒಂದು ಹಬ್ಬ.

ಹೊಸಪೇಟೆಯಿಂದ ಗಾಡಿ ಭಾನುವಾರ ರಾತ್ರಿ. ರಜೆ ಮುಗಿಸಿ ಮರಳುವವರು ಆ ಸಂಜೆ ಎಲ್ಲ ಬಸ್ಸಿನಲ್ಲೂ ತುಂಬಿರುತ್ತಾರೆ, ಐದಕ್ಕೇ ಮನೆ ಬಿಡಿ. ನಾಲ್ಕಕ್ಕೆ ಉಡಿ ತುಂಬುವುದು: ಅಕ್ಕಿ, ಕೊಬ್ಬರಿ ಬಟ್ಟಲು, ವೀಳ್ಯದೆಲೆ, ಅಡಿಕೆ, ಒಂದು ಕುಬಸದ ಖಣ. ಹೂವಿಗೆ ಹಡಗಲಿ ಮಲ್ಲಿಗೆ ಸಿಕ್ಕರೆ ಪುಣ್ಯ, ಚಳಿಗಾಲದಲ್ಲಿ ಮೊಗ್ಗು ಕಡಿಮೆ, ಹಿಂದಿನ ದಿನವೇ ಹೂವಿನವರಿಗೆ ಹೇಳಿಡಬೇಕು. ಬುತ್ತಿಗೆ ಮೊಸರನ್ನ ಬೇಡ, ರೈಲಿನಲ್ಲಿ ಚೆಲ್ಲುತ್ತದೆ. ನಾಲ್ಕು ಮೆತ್ತನೆ ರೊಟ್ಟಿಗೆ ಎಣ್ಣೆಗಾಯಿ ಹಚ್ಚಿ ಸುತ್ತಿ, ಬಾಳೆಎಲೆಯಲ್ಲಿ ಮಡಿಚಿ ದಾರ ಕಟ್ಟಿ. ಖಡಕ್ ರೊಟ್ಟಿಯನ್ನು ಬೇರೆಯಾಗಿ, ಬಟ್ಟೆಯ ಬ್ಯಾಗಿನಲ್ಲಿ ಎಲ್ಲಕ್ಕಿಂತ ಮೇಲೆ ಇಟ್ಟು, ಮೇಲಿನ ಬರ್ತಿಗೆ ಎಸೆಯಬೇಡ ಎಂದು ಹೇಳಿ ಕೊಡಿ.