ಪದವಿಯಾಚೆಯ ಎರಡು ವರ್ಷ

ಕೋನಪ್ಪನ ಅಗ್ರಹಾರ, ದೊಡ್ಡತೋಗೂರು ಗ್ರಾಮಗಳ ನೆಲದಲ್ಲಿ ಆರ್. ಕೆ. ಬಾಳಿಗರ ಸಂಕಲ್ಪದಿಂದ ರಾಜ್ಯ ಸರ್ಕಾರದ ಕಿಯೋನಿಕ್ಸ್ ಸಂಸ್ಥೆ ನಿರ್ಮಿಸಿದ ಎಲೆಕ್ಟ್ರಾನಿಕ್ ಸಿಟಿಯನ್ನು ನಮ್ಮ ಜನ ಕಂಪನಿಗಳ ಊರೆಂದೇ ಬಲ್ಲರು. ಆದರೆ ಆ ಕಂಪನಿಗಳ ಮಧ್ಯದಲ್ಲಿಯೇ, 1999ರಲ್ಲಿ ವೈಟ್‌ಫೀಲ್ಡಿನಲ್ಲಿ ಆರಂಭಗೊಂಡು 2003ರಲ್ಲಿ ಇಲ್ಲಿಗೆ ಬಂದು ನೆಲೆಸಿದ ಐಐಐಟಿ-ಬೆಂಗಳೂರು ಎಂಬ ವಿದ್ಯಾಸಂಸ್ಥೆಯಿದೆ. ಅಲ್ಲಿಯೂ, ನಗರದ ಇನ್ನೊಂದು ಮಗ್ಗುಲಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿಯೂ, ಪಿಎಚ್.ಡಿ. ಮುಗಿದ ಬಳಿಕ ಸಂಶೋಧನೆಯನ್ನೇ ಹಿಡಿದು ಬರುವ ತರುಣ ತರುಣಿಯರು ಮಾಡುವ ಕೆಲಸವೇನೆಂಬುದು ಅನೇಕ ವೇಳೆ ಅವರ ಮನೆಯವರಿಗೇ ತಿಳಿದಿರುವುದಿಲ್ಲ. "ಡಾಕ್ಟರೇಟ್ ಬಂತಲ್ಲಪ್ಪ, ಇನ್ನೂ ಏನು ಓದೋದು?" ಎಂದು ಹಬ್ಬಕ್ಕೆ ಊರಿಗೆ ಹೋದಾಗಲೆಲ್ಲ ಕೇಳಿಸಿಕೊಳ್ಳುವ ಈ ಪೋಸ್ಟ್‌ಡಾಕ್‌ಗಳು ಓದುತ್ತಿರುವವರಲ್ಲ, ಗುರುವಿನ ಆಸರೆಯಿಂದ ಸರಿದು, ಪ್ರಶ್ನೆಯನ್ನು ತಾವೇ ಆರಿಸಿ ತಾವೇ ಬಿಡಿಸಬಲ್ಲೆವೆಂಬುದನ್ನು ಕಾರ್ಯತಃ ತೋರಿಸುತ್ತಿರುವವರು.

ಅಂತಹ ಪ್ರಶ್ನೆ ಎಂತಹುದೆಂಬುದಕ್ಕೆ ಒಂದು ನಿದರ್ಶನ. ಪೀಣ್ಯದ ಶೆಡ್ಡೊಂದರಲ್ಲಿ ಲೇತಿನ ಆಪರೇಟರೊಬ್ಬರನ್ನು ಬಹಳ ಹೊತ್ತು ನೋಡುತ್ತ ನಿಂತಿದ್ದೆನು. ಟೂಲು ಉಕ್ಕಿನ ಜಾಬನ್ನು ಕೊರೆಯುತ್ತಿರುವಾಗ ಸಪ್ಪಳವು ಹಠಾತ್ತನೆ ಕೀರಲಾಯಿತು. ಅವರ ಕೈ ಕೂಡಲೇ ವೇಗವನ್ನು ತಗ್ಗಿಸಿತು. ತಗ್ಗಿಸದಿದ್ದರೆ ಜಾಬಿನ ಮೈಮೇಲೆ ಅಲೆಯಲೆಯಾದ ಗೀರುಗಳೇಳುವುವು. ಹಿಂದಿನ ಸುತ್ತಿನಲ್ಲಿ ಟೂಲು ಬಿಟ್ಟುಹೋದ ಸೂಕ್ಷ್ಮವಾದ ಏರಿಳಿತಗಳ ಮೇಲೆಯೇ ಈ ಸುತ್ತಿನ ಕೊರೆತ ನಡೆಯುವುದರಿಂದ, ತಾಗುವ ಬಲವು ಹೆಚ್ಚು ಕಡಿಮೆಯಾಗಿ, ಕಂಪನವು ತನ್ನನ್ನು ತಾನೇ ಬೆಳೆಸಿಕೊಳ್ಳುತ್ತದೆ. ಇದನ್ನು ಸಮೀಕರಣವಾಗಿ ಬರೆದು, ಸಾವಿರಾರು ವೇಗಗಳಿಗೂ ಕೊರೆತದ ಆಳಗಳಿಗೂ ಕಂಪ್ಯೂಟರಿನಲ್ಲಿ ಬಿಡಿಸಿ ನೋಡಿದಾಗ, ಎರಡು ಸುತ್ತುಗಳ ಅಲೆಗಳು ಒಂದಕ್ಕೊಂದು ಹೊಂದಿಬರುವ ಕೆಲವು ಕಡೆ ವೇಗವನ್ನು ಏರಿಸಿದರೂ ಕಂಪನ ಅಡಗುವುದೆಂದು ಗೊತ್ತಾಗುತ್ತದೆ. ಕಿವಿಯೊಂದನ್ನೇ ನಂಬಿದವರಿಗೆ ಹೊಳೆಯದ ದಾರಿಯಿದು. ಗಣನೆಯನ್ನಾಧರಿಸಿದ ಎಂಜಿನಿಯರಿಂಗ್ ಸಂಶೋಧನೆಯ ಸ್ವರೂಪವೇ ಇಂತಹುದು.

ಪೋಸ್ಟ್‌ಡಾಕ್ ಹುದ್ದೆಗಳು ಸಾಮಾನ್ಯವಾಗಿ ಎರಡು ಬಗೆಯಲ್ಲಿ ಒದಗುತ್ತವೆ. ಪ್ರಾಧ್ಯಾಪಕರಿಗೆ ಯೋಜನೆಯೊಂದು ಮಂಜೂರಾದಾಗ ಅದರ ಹಣದಿಂದಲೇ ಸಂಶೋಧಕರನ್ನು ತೆಗೆದುಕೊಳ್ಳುವುದುಂಟು. ಕೇಂದ್ರದ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆ 2023ರಲ್ಲಿ ಪರಿಷ್ಕರಿಸಿದಂತೆ, ಈ 'ರಿಸರ್ಚ್ ಅಸೋಸಿಯೇಟ್'ಗಳಿಗೆ ಅರ್ಹತೆಯನ್ನನುಸರಿಸಿ ತಿಂಗಳಿಗೆ 58,000ದಿಂದ 67,000 ರೂಪಾಯಿಗಳವರೆಗೆ, ಮೇಲೆ ಮನೆಬಾಡಿಗೆ ಭತ್ಯೆ. ಇಲ್ಲವೆ ಅಭ್ಯರ್ಥಿಯೇ ತನ್ನ ಪ್ರಸ್ತಾವನೆಯನ್ನು ಬರೆದು, ಮಾರ್ಗದರ್ಶಕರನ್ನು ತಾನೇ ಆರಿಸಿಕೊಂಡು, ರಾಷ್ಟ್ರೀಯ ಫೆಲೋಶಿಪ್ಪಿಗೆ ಸ್ಪರ್ಧಿಸಬಹುದು. ಎರಡು ವರ್ಷಗಳ ಈ ವೇತನವನ್ನು ಹಿಂದೆ ಕೇಂದ್ರದ ವಿಜ್ಞಾನ ಮತ್ತು ಎಂಜಿನಿಯರಿಂಗ್ ಸಂಶೋಧನ ಮಂಡಳಿ (ಎಸ್‌ಇಆರ್‌ಬಿ) ಕೊಡುತ್ತಿತ್ತು, 2023ರ ಕಾಯಿದೆಯ ತರುವಾಯ ಅನುಸಂಧಾನ ರಾಷ್ಟ್ರೀಯ ಸಂಶೋಧನ ಪ್ರತಿಷ್ಠಾನವು ಆ ಹೊಣೆಯನ್ನು ಹೊತ್ತಿದೆ. ಎರಡನೆಯದೇ ಮೇಲೆಂದು ನನ್ನ ಮತ. ಪ್ರಶ್ನೆ ಅಲ್ಲಿ ಅಭ್ಯರ್ಥಿಯದೇ ಆಗಿರುತ್ತದೆ. ವಿಜ್ಞಾನ ಸಂಸ್ಥೆಯಲ್ಲಿ ಸರ್ ಸಿ. ವಿ. ರಾಮನ್ನರ ಹೆಸರಿನ ಫೆಲೋಶಿಪ್ ಪ್ರತ್ಯೇಕವಾಗಿದೆ. ದೊಡ್ಡ ಗಣನೆಗಳಿಗೆಂದು 2022ರಲ್ಲಿ ಸ್ಥಾಪಿತವಾದ 'ಪರಮ್ ಪ್ರವೇಗ'ವೆಂಬ ಸೂಪರ್ ಕಂಪ್ಯೂಟರೂ ಅಲ್ಲಿದೆ.

ನನ್ನನ್ನು ಕಾಡುವುದು ಈ ಹುದ್ದೆಗಳ ಅವಧಿಯ ಅಲ್ಪತ್ವ. ಮೂವತ್ತು ದಾಟಿದವರು, ಎಷ್ಟೋ ಸಲ ಎಳೆಯ ಮಕ್ಕಳ ತಂದೆತಾಯಿಗಳು, ಬಾಡಿಗೆ ಮನೆಗೆ ಅಡ್ವಾನ್ಸ್ ಕೊಟ್ಟು ಸಾಮಾನು ಜೋಡಿಸುವ ಹೊತ್ತಿಗೆ ಮುಂದಿನ ಹುದ್ದೆಯನ್ನು ಹುಡುಕತೊಡಗಬೇಕಾಗುತ್ತದೆ. ಎದುರು ರಸ್ತೆಯ ಕಂಪನಿ ಅವರನ್ನು ಇನ್ನೂ ಹೆಚ್ಚಿನ ಸಂಬಳಕ್ಕೆ ಕರೆಯುತ್ತಿರುತ್ತದೆ. ಆದುದರಿಂದ ಅರ್ಜಿ ಹಾಕುವವರು ಸಂದರ್ಶನದ ದಿನವೇ, ಸಂಕೋಚಪಡದೆ, ಯೋಜನೆಯ ಅವಧಿಯಲ್ಲಿ ಇನ್ನೆಷ್ಟು ತಿಂಗಳು ಉಳಿದಿದೆ, ಕಂಪ್ಯೂಟರಿನ ಮೇಲೆ ತಮಗೆಷ್ಟು ಕಾಲ ದೊರೆಯುವುದು, ತಮ್ಮದೇ ವಿಚಾರವೊಂದನ್ನು ಬೆನ್ನಟ್ಟಲು ವಾರದಲ್ಲಿ ಒಂದು ದಿನವಾದರೂ ಬಿಡುವರೆ ಎಂದು ಕೇಳಲಿ.