ಖತಾವಣಿಗೆ ಕನ್ನಡದಲ್ಲಿ ಪ್ರಶ್ನೆ ಕೇಳುವ ಬಗೆ

ಸಹಕಾರಿ ಸಂಘದ ಸಾಲ ಸಮಿತಿಯಲ್ಲಿ ಒಮ್ಮೆಯಾದರೂ ಕುಳಿತವರಿಗೆ ಈ ಪ್ರಸಂಗ ಹೊಸದಲ್ಲ. ಸಾಲದ ಅರ್ಜಿಯೊಂದು ಮೇಜಿನ ಮೇಲಿದೆ, ಜಾಮೀನಿಗೆ ಇಬ್ಬರು ಸಹಿ ಹಾಕಿದ್ದಾರೆ. ‘ಇವರು ಈಗಾಗಲೇ ಎಷ್ಟು ಜನರಿಗೆ ಜಾಮೀನು ನಿಂತಿದ್ದಾರೆ? ಆ ಸಾಲಗಳ ಗತಿ ಏನು?’ ಎಂದು ನಿರ್ದೇಶಕರೊಬ್ಬರು ಕೇಳುತ್ತಾರೆ. ಹಿಂದೆ ಇದಕ್ಕೆ ಉತ್ತರ ಹಳೆಯ ಗುಮಾಸ್ತರ ತಲೆಯಲ್ಲಿರುತ್ತಿತ್ತು. ಯಾರ ತೋಟ ಯಾರ ಹಿಸ್ಸೆ, ಯಾರು ಯಾರಿಗೆ ಭಾವ, ಯಾವ ಸಾಲದ ಹಿಂದೆ ಯಾರಿದ್ದಾರೆ ಎಂಬುದೆಲ್ಲ ಅವರಿಗೆ ಬಾಯಿಪಾಠ. ಅವರು ನಿವೃತ್ತರಾದ ದಿನ ಅರ್ಧ ಖತಾವಣಿಯೂ ಅವರೊಡನೆ ಮನೆಗೆ ಹೋಯಿತೆಂದರೆ ಅತಿಶಯೋಕ್ತಿಯಲ್ಲ.

ಗಣಕಯಂತ್ರ ಬಂದ ಮೇಲೆ ಒಬ್ಬ ಸದಸ್ಯರ ಬಾಕಿ ಎಷ್ಟೆಂಬುದು ಕ್ಷಣದಲ್ಲಿ ತಿಳಿಯುತ್ತದೆ, ನಿಜ. ಆದರೆ ಒಬ್ಬರಿಂದ ಇನ್ನೊಬ್ಬರಿಗೆ, ಅವರಿಂದ ಮೂರನೆಯವರಿಗೆ ದಾಟುವ ಪ್ರಶ್ನೆ ಬಂದಾಗ ‘ಅದಕ್ಕೆ ಬೇರೆ ರಿಪೋರ್ಟು ಬರೆಸಬೇಕು’ ಎಂಬ ಉತ್ತರವೇ ಸಿಗುವುದು ಹೆಚ್ಚು. ಇದಕ್ಕೆ ಕಾರಣ ಲೆಕ್ಕವನ್ನು ಇಟ್ಟಿರುವ ಕ್ರಮ. ನಮ್ಮ ಬಹುಪಾಲು ಲೆಕ್ಕದ ತಂತ್ರಾಂಶಗಳು ದಾಖಲೆಯನ್ನು ಕೋಷ್ಟಕಗಳಲ್ಲಿ ಇಡುತ್ತವೆ. 1970ರಲ್ಲಿ ಎಡ್ಗರ್ ಕಾಡ್ ಎಂಬವರು ಮಂಡಿಸಿದ ಈ ಕ್ರಮ ಜಮಾ-ಖರ್ಚಿಗೆ ಇಂದಿಗೂ ಉತ್ತಮವೇ. ಸದಸ್ಯರದ್ದು ಒಂದು ಕೋಷ್ಟಕ, ಸಾಲದ್ದು ಒಂದು, ಜಾಮೀನಿನದ್ದು ಮತ್ತೊಂದು. ಪ್ರತಿ ಪ್ರಶ್ನೆಗೂ ಇವನ್ನು ಮತ್ತೆ ಮತ್ತೆ ಹೊಂದಿಸಬೇಕು. ನಾಲ್ಕಾರು ಹಂತ ದಾಟುವಾಗ ಪ್ರಶ್ನೆ ಬರೆಯುವವನಿಗೂ ಯಂತ್ರಕ್ಕೂ ಅದು ಭಾರವಾಗುತ್ತದೆ.

ಗ್ರಾಫ್ ಡೇಟಾಬೇಸ್ ಎಂಬ ಇನ್ನೊಂದು ಕ್ರಮವಿದೆ. ಇದನ್ನು ಸಂಬಂಧಜಾಲದ ಭಂಡಾರ ಎಂದು ಕರೆಯಬಹುದು. ಇದರಲ್ಲಿ ಸದಸ್ಯ, ಸಾಲ, ಸರ್ವೆ ನಂಬರು, ಗ್ರಾಮ ಪಂಚಾಯತಿ ಒಂದೊಂದೂ ಒಂದು ಬಿಂದು. ಅವುಗಳ ನಡುವಿನ ನಂಟು ಒಂದೊಂದೂ ಹೆಸರು ಹಾಗೂ ದಿಕ್ಕು ಇರುವ ಗೆರೆ. ನಂಟನ್ನೇ ದಾಖಲೆಯಾಗಿ ಬರೆದಿಡುವುದರಿಂದ ಗೆರೆ ಹಿಡಿದು ನಡೆದರಾಯಿತು. 2016ರಲ್ಲಿ ಬೆಳಕಿಗೆ ಬಂದ ಪನಾಮಾ ಪೇಪರ್ಸ್ ಕಾಗದಗಳಲ್ಲಿ ಯಾವ ಕಂಪನಿಯ ಹಿಂದೆ ಯಾರಿದ್ದಾರೆಂದು ಪತ್ರಕರ್ತರು ಹುಡುಕಿದ್ದು ನಿಯೋ4ಜೆ ಎಂಬ ಇಂಥದೇ ಭಂಡಾರದ ನೆರವಿನಿಂದ.

ನಮ್ಮ ತೋಟಗಳ ವ್ಯವಹಾರವಾದರೂ ಇಂಥ ಜಾಲವೇ ಅಲ್ಲವೇ? ತೋಟದ ಸರ್ವೆ ನಂಬರಿಗೆ ಸೊಪ್ಪಿನ ಬೆಟ್ಟ ಅಂಟಿಕೊಂಡಿದೆ. ತೋಟ ಅಣ್ಣತಮ್ಮಂದಿರಲ್ಲಿ ಹಿಸ್ಸೆಯಾಗಿದ್ದರೂ ಎಷ್ಟೋ ಕಡೆ ಬೆಟ್ಟ ಜಂಟಿಯಲ್ಲೇ ಉಳಿದಿದೆ. 2016ರಿಂದ ಜಾರಿಯಲ್ಲಿರುವ ಹವಾಮಾನ ಆಧಾರಿತ ಬೆಳೆ ವಿಮೆಯಲ್ಲಿ ನಮ್ಮ ಅಡಿಕೆಯ ಪರಿಹಾರ ನಿರ್ಧಾರವಾಗುವುದು ಗ್ರಾಮ ಪಂಚಾಯತಿವಾರು ಹವಾಮಾನದ ಅಂಕಿಗಳ ಮೇಲೆ. ಮನೆ ಒಂದು ಪಂಚಾಯತಿಯಲ್ಲಿ, ತೋಟ ಇನ್ನೊಂದರಲ್ಲಿ ಇರುವ ಸದಸ್ಯರು ಯಾರು, ಅವರ ವಿಮಾ ಕಂತು ಯಾವ ಪಂಚಾಯತಿಯ ಹೆಸರಿನಲ್ಲಿ ಹೋಗಿದೆ ಎಂಬುದನ್ನು ಕೊನೆಯ ದಿನಾಂಕದೊಳಗೆ ಹುಡುಕಿ ತೆಗೆಯುವುದು ಎಷ್ಟು ಉಪಯುಕ್ತವೆಂದು ಹೇಳಬೇಕಾಗಿಲ್ಲ.

ಆದರೆ ಈ ಭಂಡಾರಕ್ಕೂ ತನ್ನದೇ ಭಾಷೆಯಿದೆ. ನಿಯೋ4ಜೆಯ ಭಾಷೆಗೆ ಸೈಫರ್ ಎಂದು ಹೆಸರು. ಅದರಲ್ಲಿ ಬಿಂದುವನ್ನು ದುಂಡು ಕಂಸದಲ್ಲಿ, ನಂಟನ್ನು ಬಾಣದ ಗುರುತಿನಲ್ಲಿ ಬರೆಯುತ್ತಾರೆ. ನಮ್ಮ ಲಿಪಿಯಲ್ಲಿ ಬರೆದರೆ ಸುಮಾರು ಹೀಗೆ: (ಸದಸ್ಯ)–[ಜಾಮೀನು]→(ಸಾಲ). ಈ ಜಾತಿಯ ಪ್ರಶ್ನಾಭಾಷೆಗೆ 2024ರ ಏಪ್ರಿಲಿನಲ್ಲಿ ಜಿಕ್ಯುಎಲ್ ಎಂಬ ಅಂತರರಾಷ್ಟ್ರೀಯ ಮಾನಕವೂ ಬಂತು. ಆದರೂ ಸಂಘದ ಕಾರ್ಯದರ್ಶಿಗಳು ಅಡಿಕೆ ವಿಕ್ರಿ ಬಿಟ್ಟು ಇದನ್ನು ಕಲಿಯುತ್ತ ಕೂರಲಾದೀತೇ?

ಇಲ್ಲಿಯೇ ಕೃತಕ ಬುದ್ಧಿಮತ್ತೆಯ ಸಹಾಯಕನ ಪ್ರವೇಶ. ನಾವು ಕನ್ನಡದಲ್ಲಿ ಪ್ರಶ್ನೆ ಟೈಪು ಮಾಡುತ್ತೇವೆ. ಭಂಡಾರದಲ್ಲಿ ಯಾವ ಬಗೆಯ ಬಿಂದುಗಳಿವೆ, ಯಾವ ಗೆರೆಗಳಿವೆ ಎಂಬ ನಕ್ಷೆಯನ್ನು ಸಹಾಯಕನಿಗೆ ಮೊದಲೇ ಕೊಟ್ಟಿರುತ್ತದೆ. ಅವನು ಪ್ರಶ್ನೆಯನ್ನು ಸೈಫರಿಗೆ ತಿರುಗಿಸುತ್ತಾನೆ, ಭಂಡಾರ ಅದನ್ನು ನಡೆಸಿ ಸಾಲುಗಳನ್ನು ಕೊಡುತ್ತದೆ, ಆ ಸಾಲುಗಳನ್ನು ಅವನು ಮತ್ತೆ ಕನ್ನಡದಲ್ಲಿ ಹೇಳುತ್ತಾನೆ. ಸಹಾಯಕನನ್ನೂ ಭಂಡಾರವನ್ನೂ ಜೋಡಿಸಲು ಪ್ರತಿಯೊಬ್ಬರೂ ತಮ್ಮದೇ ಕೊಂಡಿ ಮಾಡಿಕೊಳ್ಳುವುದು ಬೇಡವೆಂದು 2024ರ ನವೆಂಬರಿನಲ್ಲಿ ಆಂಥ್ರೋಪಿಕ್ ಕಂಪನಿ ಮಾಡೆಲ್ ಕಾಂಟೆಕ್ಸ್ಟ್ ಪ್ರೊಟೊಕಾಲ್ ಎಂಬ ಸಾಮಾನ್ಯ ಕಟ್ಟಳೆಯೊಂದನ್ನು ಹೊರತಂದಿತು. ಎಲ್ಲ ಮನೆಗಳಲ್ಲೂ ಒಂದೇ ಅಳತೆಯ ಪ್ಲಗ್ಗು ಇದ್ದ ಹಾಗೆ.

ಗಮನಿಸಬೇಕಾದ್ದು, ಸಹಾಯಕನಿಗೆ ನಮ್ಮ ಲೆಕ್ಕ ಗೊತ್ತಿಲ್ಲ. ಅವನು ದುಭಾಷಿ ಮಾತ್ರ. ತರ್ಜುಮೆ ತಪ್ಪಿದರೆ ಉತ್ತರವೂ ತಪ್ಪುತ್ತದೆ, ಅದೂ ಬಹಳ ನಯವಾದ ಮಾತಿನಲ್ಲಿ.

ಮೊದಲನೆಯದು ದಿಕ್ಕಿನ ತಪ್ಪು. ಜಾಮೀನು ಕೊಟ್ಟವರು ಯಾರು, ಪಡೆದವರು ಯಾರು ಎಂಬುದು ಬಾಣದ ಮೊನೆಯಲ್ಲಿದೆ. ಅದು ತಿರುಗಿದರೆ ನೆರೆಯವನಿಗೆ ಉಪಕಾರ ಮಾಡಿದವನೇ ಸಾಲಗಾರನಾಗಿ ನಿಲ್ಲುತ್ತಾನೆ. ಇನ್ನು ನಮ್ಮ ಮಾತುಗಳು. ‘ರಾಶಿ ಅಡಿಕೆ ಹಾಕಿದವರು ಯಾರು’ ಎಂದು ಕೇಳಿದರೆ ನಮಗೆ ಅದು ಬೇಯಿಸಿದ ಕೆಂಪಡಿಕೆಯ ಒಂದು ತರಗತಿ. ಯಂತ್ರ ಅದನ್ನು ‘ಬಹಳ ಅಡಿಕೆ’ ಎಂದು ತಿಳಿದೀತು. ನಮ್ಮವರ ಆಡುಮಾತಿನಲ್ಲಿ ಆ ಅರ್ಥವೂ ಇರುವುದರಿಂದ ಅದನ್ನು ದೂರುವಂತೆಯೂ ಇಲ್ಲ! ಬೆಟ್ಟೆಗೂ ಬೆಟ್ಟಕ್ಕೂ ಒಂದೇ ಅಕ್ಷರದ ಅಂತರ. ಪಹಣಿಯಲ್ಲಿ 1 ಎಕರೆ 10 ಗುಂಟೆ ಎಂದಿದ್ದುದನ್ನು ಯಾರೋ 1.10 ಎಂದು ಬರೆದಿಟ್ಟರೆ ಯಂತ್ರದ ಲೆಕ್ಕದಲ್ಲಿ ಅದು 44 ಗುಂಟೆ. ನಿಜವಾಗಿ ಇರುವುದು 50. ಆರು ಗುಂಟೆ ತೋಟ ಕಾಗದದ ಮೇಲೆ ಮಾಯವಾಯಿತು. ಹೆಸರಿನ ಗೊಂದಲವಂತೂ ಕೇಳುವುದೇ ಬೇಡ. ಗಣಪತಿ ಹೆಗಡೆ ಎಂದರೆ ಒಂದೇ ಊರಿನಲ್ಲಿ ಮೂವರು ಓಗೊಟ್ಟಾರು. ಆದುದರಿಂದ ಗುರುತು ಹೆಸರಿನಿಂದಲ್ಲ, ಸದಸ್ಯತ್ವದ ನಂಬರಿನಿಂದಲೇ ಆಗಬೇಕು.

ನನ್ನ ಮಟ್ಟಿಗೆ ಎಲ್ಲಕ್ಕಿಂತ ಅಪಾಯದ್ದು ಬರಿದಾದ ಉತ್ತರ. ಭಂಡಾರದಲ್ಲಿ ವಾಯಿದೆ ಮೀರಿದ ಸಾಲಕ್ಕೆ ‘ಕಟಬಾಕಿ’ ಎಂದು ಬರೆದಿದೆ ಎನ್ನಿ. ಸಹಾಯಕ ‘ಬಾಕಿ’ ಎಂಬ ಗುರುತನ್ನು ಹುಡುಕಿದ. ಒಂದು ಸಾಲೂ ಸಿಗಲಿಲ್ಲ. ಅವನು ವಿನಯದಿಂದ, ‘ಈ ಜಾಮೀನುದಾರರ ಹಿಂದೆ ಯಾವ ಬಾಕಿಯೂ ಇಲ್ಲ’ ಎನ್ನುತ್ತಾನೆ. ಸಮಿತಿ ಸಾಲ ಮಂಜೂರು ಮಾಡುತ್ತದೆ. ಅ ಎಂಬವರು ಆ ಎಂಬವರಿಗೆ, ಅವರು ಇ ಎಂಬವರಿಗೆ, ಅವರು ತಿರುಗಿ ಅ ಎಂಬವರಿಗೇ ಜಾಮೀನು ನಿಂತ ಸುತ್ತು ಇದ್ದರೆ, ಕೊಳೆರೋಗ ಜೋರಾದ ಒಂದು ವರ್ಷ ಮೂರೂ ಮನೆಗಳು ಒಟ್ಟಿಗೆ ಕುಸಿಯುತ್ತವೆ. ಸುತ್ತನ್ನು ಹಿಡಿಯಲೆಂದೇ ಇಟ್ಟುಕೊಂಡ ಯಂತ್ರ ಸುತ್ತೇ ಇಲ್ಲವೆಂದಂತಾಯಿತು.

ಆದುದರಿಂದ ಇಂಥ ವ್ಯವಸ್ಥೆ ಮಾರಲು ಬರುವವರನ್ನು ಆಡಳಿತ ಮಂಡಳಿಯವರು ಕೆಲವು ಮಾತು ಕೇಳಲೇಬೇಕು. ಉತ್ತರದೊಡನೆ ಸೈಫರ್ ಪ್ರಶ್ನೆಯನ್ನೂ ಆಧಾರವಾದ ಖಾತೆ ನಂಬರುಗಳನ್ನೂ ತೋರಿಸುತ್ತದೆಯೇ? ಸಾಲು ಸಿಗದಿದ್ದಾಗ ‘ಇಲ್ಲ’ ಎನ್ನದೆ ‘ಈ ಹುಡುಕಾಟಕ್ಕೆ ದಾಖಲೆ ಸಿಗಲಿಲ್ಲ’ ಎನ್ನುತ್ತದೆಯೇ? ಸಹಾಯಕನಿಗೆ ಓದುವ ಅಧಿಕಾರ ಮಾತ್ರವೇ, ಅಥವಾ ತಿದ್ದುವುದೂ ಉಂಟೇ? ತಿದ್ದುವ ಅಧಿಕಾರ ಖಂಡಿತ ಕೊಡಬಾರದು. ಅದಕ್ಕೆ ಭಂಡಾರದಲ್ಲಿಯೇ ಬೀಗ ಹಾಕಬೇಕು, ಸಹಾಯಕನಿಗೆ ಬುದ್ಧಿ ಹೇಳಿದರೆ ಸಾಲದು. ಸದಸ್ಯರ ಸಾಲದ ವಿವರ ಊರ ಹೊರಗಿನ ಯಾವ ಯಂತ್ರಕ್ಕೆ ಹೋಗುತ್ತದೆ ಎಂಬುದನ್ನೂ ಲಿಖಿತವಾಗಿ ಪಡೆಯಬೇಕು. ವೈಯಕ್ತಿಕ ಮಾಹಿತಿಯ ರಕ್ಷಣೆಗೆ 2023ರಲ್ಲಿ ಕೇಂದ್ರದ ಕಾಯಿದೆಯೇ ಆಗಿದೆ.

ಖರ್ಚಿನ ಮಾತು ಹೇಳುವುದಾದರೆ ನಿಯೋ4ಜೆಯ ಸಮುದಾಯ ಆವೃತ್ತಿಗೆ ದುಡ್ಡಿಲ್ಲ. ಶ್ರಮವಿರುವುದು ಹಳೆಯ ಜಾಮೀನು ಪತ್ರಗಳನ್ನು ನಂಬರು ನೋಡಿ ಸೇರಿಸುವುದರಲ್ಲಿ. ಒಂದು ಶಾಖೆಯ ಜಾಮೀನಿನ ಲೆಕ್ಕವಷ್ಟನ್ನೇ ಹಾಕಿ ಆರಂಭಿಸುವುದು ಲೇಸು. ಖತಾವಣಿ ನೋಡಿ ಕೈಯಿಂದಲೇ ಉತ್ತರ ತೆಗೆದ ಇಪ್ಪತ್ತು ಪ್ರಶ್ನೆಗಳನ್ನು ಮೊದಲು ಬರೆದಿಟ್ಟುಕೊಳ್ಳಿ. ಅವುಗಳಲ್ಲಿ ಐದಾರಾದರೂ ಸುತ್ತು ಜಾಮೀನಿನವು ಇರಲಿ. ಅದೇ ಪ್ರಶ್ನೆಯನ್ನು ಶಿರಸಿಯವರು ಕೇಳುವಂತೆ ಒಮ್ಮೆ, ಪುಸ್ತಕದ ಕನ್ನಡದಲ್ಲಿ ಒಮ್ಮೆ ಕೇಳಿ ನೋಡಿ. ನಿವೃತ್ತರಾದ ಗುಮಾಸ್ತರು ಊರಲ್ಲಿದ್ದರೆ ಆ ದಿನ ಅವರನ್ನು ಕರೆಸಿ ಪಕ್ಕದಲ್ಲಿ ಕೂರಿಸಿಕೊಳ್ಳುವುದು ಇನ್ನೂ ಒಳ್ಳೆಯದು.