ಹಳೆಯ ಕಾರಿನ ಮಂಕು ದೀಪ

ಗಂಟೆಗೆ 60 ಕಿಲೋಮೀಟರ್ ವೇಗದಿಂದ ಓಡುವ ಕಾರು ಒಂದು ಸೆಕೆಂಡಿನಲ್ಲಿ ಸುಮಾರು 17 ಮೀಟರ್ ದೂರವನ್ನು ಕ್ರಮಿಸುತ್ತದೆ. ಕತ್ತಲೆಯ ರಸ್ತೆಯಲ್ಲಿ ನಿಂತಿರುವ ಎತ್ತಿನ ಗಾಡಿಯನ್ನು ಚಾಲಕನು ಒಂದು ಸೆಕೆಂಡು ತಡವಾಗಿ ಕಂಡನೆಂದರೆ, ಆ 17 ಮೀಟರುಗಳನ್ನು ಅವನು ಕಳೆದುಕೊಂಡಂತೆಯೇ. ಆದುದರಿಂದ ಹೆಡ್‌ಲೈಟು ಮಂಕಾಗುವುದು ಅಲಕ್ಷಿಸಬಹುದಾದ ದೋಷವಲ್ಲ. ಹಳೆಯ ಕಾರುಗಳಲ್ಲಿ ಈ ದೋಷ ಬಹು ಸಾಮಾನ್ಯ; ಅದರ ಮೂಲವನ್ನರಿಯದೆ ಬಲ್ಬಿನ ಮೇಲೆ ಬಲ್ಬನ್ನು ಬದಲಿಸುತ್ತ ಹೋಗುವುದೂ ಅಷ್ಟೇ ಸಾಮಾನ್ಯ.

ಭಾರತೀಯರಿಗೆ ಹಳೆಯ ಕಾರೆಂದೊಡನೆ ನೆನಪಾಗುವುದು ಅಂಬಾಸಿಡರ್. ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಕಾರನ್ನು ಆಧರಿಸಿದ ಈ ವಾಹನವು 1957ರಿಂದ 2014ರವರೆಗೆ ಪಶ್ಚಿಮ ಬಂಗಾಳದ ಉತ್ತರಪಾರಾದ ಕಾರ್ಖಾನೆಯಲ್ಲಿ ತಯಾರಾಯಿತು. ಇದನ್ನು ಇಂದಿಗೂ ಅಕ್ಕರೆಯಿಂದ ಕಾಪಾಡಿಕೊಂಡು ಬಂದವರು ಹಲವರು.

ಇಂತಹ ಕಾರಿನ ದೀಪದ ವಿದ್ಯುನ್ಮಂಡಲ ಬಹಳ ಸರಳ. ಬ್ಯಾಟರಿಯಿಂದ ಹೊರಟ ಪ್ರವಾಹವು ದೀಪದ ಸ್ವಿಚ್ಚನ್ನೂ, ಅನಂತರ ದೂರದ ಬೆಳಕು ಅಥವಾ ಹತ್ತಿರದ ಬೆಳಕನ್ನು ಆರಿಸುವ ಡಿಮ್ಮರ್ ಸ್ವಿಚ್ಚನ್ನೂ ದಾಟಿ ಬಲ್ಬಿನ ತಂತುವನ್ನು ಸೇರುತ್ತದೆ. ಅಲ್ಲಿಂದ ಅದು ಬ್ಯಾಟರಿಗೆ ಮರಳಬೇಕು. ಆದರೆ ಮರಳುವ ದಾರಿಗೆ ಉದ್ದನೆಯ ತಂತಿಯಿಲ್ಲ. ಕಾರಿನ ಉಕ್ಕಿನ ಮೈಯೇ ಆ ದಾರಿ. ಬಲ್ಬಿನಿಂದ ಹೊರಟ ಗೇಣುದ್ದದ ತಂತಿಯೊಂದನ್ನು ತಿರುಪಿನಿಂದ ಮೈಗೆ ಬಿಗಿದಿರುತ್ತಾರೆ. ಇದಕ್ಕೆ 'ಅರ್ಥ್' ಎಂದು ಹೆಸರು. ಕಳ್ಳನು ಹೆಚ್ಚಾಗಿ ಅಡಗುವುದು ಈ ತಿರುಪಿನ ಕೆಳಗೇ! ಮಳೆನೀರು ಅಲ್ಲಿ ತುಕ್ಕು ಹಿಡಿಸುತ್ತದೆ. ಕಾರವಾರ, ಮಂಗಳೂರಿನಂತಹ ಊರುಗಳಲ್ಲಿ ಕಡಲಿನ ಉಪ್ಪುಗಾಳಿಯೂ ಸೇರುತ್ತದೆ. ಹೊಸದಾಗಿ ಬಣ್ಣ ಬಳಿಸಿಕೊಂಡು ಹೊಳೆಯುವ ಹಳೆಯ ಕಾರೂ ಇದಕ್ಕೆ ಹೊರತಲ್ಲ. ತಿರುಪಿನಡಿಗೆ ಸೇರಿದ ಬಣ್ಣವು ವಿದ್ಯುತ್ತಿಗೆ ಅಡ್ಡಗೋಡೆಯಾಗುತ್ತದೆ.

ಈ ಅಡ್ಡಿಯ ಪರಿಣಾಮವೆಷ್ಟು? ಜರ್ಮನಿಯ ಓಮ್ ಎಂಬ ವಿಜ್ಞಾನಿ 1827ರಲ್ಲಿ ಪ್ರಕಟಿಸಿದ ನಿಯಮದಿಂದ ಅದನ್ನು ಲೆಕ್ಕ ಹಾಕಬಹುದು. 12 ವೋಲ್ಟಿನಲ್ಲಿ ಉರಿಯುವ 60 ವಾಟಿನ ಬಲ್ಬು 5 ಆಂಪಿಯರ್ ಪ್ರವಾಹವನ್ನು ಸೆಳೆಯುತ್ತದೆ. ಎರಡು ಬಲ್ಬುಗಳು 10 ಆಂಪಿಯರ್. ಎರಡಕ್ಕೂ ಸಮಾನವಾದ ದಾರಿಯಲ್ಲಿ ಕೇವಲ 0.2 ಓಮ್ ರೋಧವು ಹೆಚ್ಚಾಗಿ ಸೇರಿಕೊಂಡರೆ 2 ವೋಲ್ಟಿಗೆ ತುಸು ಕಡಿಮೆ ಅಲ್ಲಿಯೇ ಪೋಲಾಗುತ್ತದೆ. 12ರಲ್ಲಿ 2 ಹೋದರೇನು ಎನ್ನುವಂತಿಲ್ಲ. ತಂತುವಿನ ಬೆಳಕು ವೋಲ್ಟಿನ ಪ್ರಮಾಣದಲ್ಲಿ ಇಳಿಯದೆ ಅದಕ್ಕಿಂತ ಬಹು ವೇಗವಾಗಿ ಕುಸಿಯುತ್ತದೆ. ಆರನೆಯ ಒಂದು ಭಾಗ ವೋಲ್ಟು ಕಡಿಮೆಯಾದರೆ ಬೆಳಕು ಅರ್ಧದ ಸಮೀಪಕ್ಕೆ ಬರುತ್ತದೆ.

ದೋಷವನ್ನು ಹುಡುಕುವವನನ್ನು ವೋಲ್ಟ್‌ಮಾಪಕವೂ ವಂಚಿಸಬಲ್ಲದು. ಬಲ್ಬನ್ನು ಕಳಚಿ ಅದರ ತಂತಿಗಳ ನಡುವೆ ಅಳೆದರೆ ಪೂರ್ಣ 12 ವೋಲ್ಟು ಕಾಣಬಹುದು. ಪ್ರವಾಹವೇ ಇಲ್ಲದಾಗ ರೋಧವು ತನ್ನ ಗುಣವನ್ನು ತೋರುವುದಿಲ್ಲವಷ್ಟೆ. ಆದುದರಿಂದ ದೀಪ ಉರಿಯುತ್ತಿರುವಾಗಲೇ ಅಳೆಯಬೇಕು. ಮಾಪಕದ ಒಂದು ತುದಿಯನ್ನು ಬಲ್ಬಿನ ಅರ್ಥ್ ಕೊನೆಗೂ, ಇನ್ನೊಂದನ್ನು ಕಾರಿನ ಮೈಗೆ ಜೋಡಿಸಿದ ಬ್ಯಾಟರಿಯ ಧ್ರುವಕ್ಕೂ ಹಿಡಿಯಬೇಕು. ಮುಳ್ಳು ಸೊನ್ನೆಯ ಬಳಿಯಲ್ಲೇ ನಿಂತರೆ ಮರಳುವ ದಾರಿ ನಿರ್ದುಷ್ಟ. ಅರ್ಧ ವೋಲ್ಟಿಗಿಂತ ಹೆಚ್ಚು ತೋರಿದರೆ ತಿರುಪನ್ನು ಬಿಚ್ಚಿ, ಉಕ್ಕು ಹೊಳೆಯುವವರೆಗೆ ಉಜ್ಜಿ, ಮತ್ತೆ ಬಿಗಿಯಬೇಕು. ಹೋಗುವ ದಾರಿಯನ್ನೂ ಹೀಗೆಯೇ ಸ್ವಿಚ್ಚಿನಿಂದ ಸ್ವಿಚ್ಚಿಗೆ ಪರೀಕ್ಷಿಸಬಹುದು. ಅರ್ಥ್ ತಂತಿಯ ಬಣ್ಣ ಸಾಮಾನ್ಯವಾಗಿ ಕಪ್ಪು. ಬ್ರಿಟಿಷ್ ಪದ್ಧತಿಯಲ್ಲಿ ನೀಲಿಯ ಮೇಲೆ ಬಿಳಿ ಗೆರೆಯಿದ್ದರೆ ದೂರದ ಬೆಳಕು, ಕೆಂಪು ಗೆರೆಯಿದ್ದರೆ ಹತ್ತಿರದ ಬೆಳಕು. ಹಲವು ಕೈಗಳು ದುರಸ್ತಿ ಮಾಡಿದ ಕಾರಿನಲ್ಲಿ ಬಣ್ಣವನ್ನೇ ನಂಬುವಂತಿಲ್ಲ.

ಒಂದು ವಿಚಿತ್ರವನ್ನು ಇಲ್ಲಿ ಹೇಳಬೇಕು. ಎಡದೀಪದ ಅರ್ಥ್ ಪೂರ್ತಿ ಕಡಿದುಹೋದಾಗ ಆ ದೀಪ ಆರಿಹೋಗಬೇಕಲ್ಲವೇ? ಹಾಗಾಗುವುದಿಲ್ಲ. ಬಲ್ಬಿನೊಳಗಿನ ಎರಡು ತಂತುಗಳಿಗೂ ಅರ್ಥ್ ಒಂದೇ. ಹತ್ತಿರದ ಬೆಳಕಿನ ತಂತುವನ್ನು ದಾಟಿದ ಪ್ರವಾಹವು ಮುಂದೆ ದಾರಿ ಕಾಣದೆ ದೂರದ ಬೆಳಕಿನ ತಂತುವಿನೊಳಗೆ ಹಿಮ್ಮುಖವಾಗಿ ನುಗ್ಗುತ್ತದೆ. ಅಲ್ಲಿಂದ ತಂತಿಯ ಮೂಲಕ ಬಲದೀಪಕ್ಕೆ ಹೋಗಿ, ಅಲ್ಲಿನ ದೂರದ ಬೆಳಕಿನ ತಂತುವನ್ನು ಹಾದು ಬ್ಯಾಟರಿಗೆ ಮರಳುತ್ತದೆ. ಮೂರು ತಂತುಗಳು ಸಾಲಾಗಿ ಸೇರಿದ್ದರಿಂದ ಎಡದೀಪವು ಕೆಂಡದಂತೆ ಮಂಕಾಗಿ ಮಿನುಗುತ್ತದೆ. ಚಾಲಕನೆದುರಿನ ಸೂಚಕ ದೀಪವೂ ಅಕಾರಣವಾಗಿ ಮಿಣುಕಬಹುದು. ಬಲ್ಲವನಿಗೆ ಈ ಮಿಣುಕೊಂದೇ ಸಾಕು, ದೋಷವೆಲ್ಲಿದೆಯೆಂದು ಹೇಳಿಬಿಡುತ್ತಾನೆ.

ಎರಡು ದೀಪಗಳೂ ಎಂಜಿನ್ ನಿಧಾನವಾದಾಗ ಮಂಕಾಗಿ, ವೇಗ ಹೆಚ್ಚಿದೊಡನೆ ಬೆಳಗಿದರೆ ಅದು ಬೇರೆ ಮಾತು. ಹಳೆಯ ಡೈನಮೋ ನಿಧಾನಗತಿಯಲ್ಲಿ ಸಾಕಷ್ಟು ವಿದ್ಯುತ್ತನ್ನು ಕೊಡಲಾರದು. ಸ್ವಿಚ್ಚು ಮುಟ್ಟಿದರೆ ಬಿಸಿಯೆನಿಸಿದರೆ ಮಾತ್ರ ತಡಮಾಡಬಾರದು. ಅದರೊಳಗಿನ ಸವೆದ ಸ್ಪರ್ಶಬಿಂದುಗಳಲ್ಲಿ ಬೆಳಕಾಗಬೇಕಾದ ಶಕ್ತಿಯು ಶಾಖವಾಗುತ್ತಿರುತ್ತದೆ. ಆ ಕಾಲದ ಅನೇಕ ಬ್ರಿಟಿಷ್ ಮಾದರಿಯ ಕಾರುಗಳಲ್ಲಿ ಹೆಡ್‌ಲೈಟಿನ ಮಂಡಲಕ್ಕೆ ಫ್ಯೂಸೇ ಇರುತ್ತಿರಲಿಲ್ಲ. ತಂತಿಯ ಹೊದಿಕೆ ಸವೆದು ಮೈಗೆ ತಗುಲಿದರೆ ತಂತಿಯೇ ಉರಿಯುವ ಅಪಾಯವಿತ್ತು. ಹೀಗಾಗಿ ಇಂದಿನ ಕುಶಲಕರ್ಮಿಗಳು ಬ್ಯಾಟರಿಯ ಬಳಿ ಫ್ಯೂಸನ್ನೂ ರಿಲೇಯನ್ನೂ ಅಳವಡಿಸುತ್ತಾರೆ. ರಿಲೇ ಎಂದರೆ ವಿದ್ಯುತ್ಕಾಂತದಿಂದ ಕೆಲಸ ಮಾಡುವ ಸ್ವಿಚ್ಚು. ಇದರಿಂದ ಹಳೆಯ ಸ್ವಿಚ್ಚಿನ ಮೂಲಕ ಅತ್ಯಲ್ಪ ಪ್ರವಾಹ ಮಾತ್ರ ಹರಿಯುತ್ತದೆ. ದೀಪಗಳಿಗೆ ಬೇಕಾದ 10 ಆಂಪಿಯರುಗಳು ದಪ್ಪ ತಂತಿಯಲ್ಲಿ ಬ್ಯಾಟರಿಯಿಂದ ನೇರವಾಗಿ ಬರುತ್ತವೆ.